ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಅತಿಥಿ ಕೋಣೆ

ಅತಿಥಿ ಕೋಣೆ ಎಂದರೆ ಮನೆಗೆ ಬಂದ ನೆಂಟರಿಷ್ಟರು ಉಳಿದುಕೊಳ್ಳಲು ಮೀಸಲಾಗಿರುವ, ಅಥವಾ ಬೇಕೆಂದಾಗ ಅದಕ್ಕೆ ಒದಗುವಂತೆ ಸಜ್ಜುಗೊಳಿಸಿದ ಕೋಣೆ. ಆಡುಮಾತಿನಲ್ಲಿ ಇದನ್ನು ಗೆಸ್ಟ್ ರೂಮ್, ಚಿಕ್ಕ ರೂಮು, ಮುಂದಿನ ರೂಮು ಎಂದೆಲ್ಲ ಕರೆಯುತ್ತಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಈ ಕೋಣೆ ಸಾಮಾನ್ಯವಾಗಿ ಹತ್ತು ಅಡಿ ಉದ್ದ, ಎಂಟರಿಂದ ಹತ್ತು ಅಡಿ ಅಗಲ ಇರುತ್ತದೆ. ವರ್ಷದ ಬಹುಪಾಲು ದಿನ ಅದು ಮಕ್ಕಳು ಓದುವ, ಮನೆಯವರು ಕಚೇರಿ ಕೆಲಸ ಮಾಡುವ ಅಥವಾ ಒಗೆದ ಬಟ್ಟೆ ಮಡಚಿಡುವ ಕೋಣೆಯಾಗಿದ್ದು, ನೆಂಟರು ಬಂದಾಗ ಮಾತ್ರ ಅತಿಥಿ ಕೋಣೆಯಾಗುತ್ತದೆ. ರಾಜ್ಯದ ಹಲವು ದೊಡ್ಡ ಆಸ್ಪತ್ರೆಗಳು ಈ ಭಾಗದಲ್ಲೇ ಇರುವುದರಿಂದ ಇಲ್ಲಿನ ಅತಿಥಿಗಳಲ್ಲಿ ಚಿಕಿತ್ಸೆಗೆಂದು ಊರಿನಿಂದ ಬಂದವರೂ ಇರುತ್ತಾರೆ. ಕೋಣೆಯನ್ನು ಹೇಗೆ ಜೋಡಿಸಬೇಕು ಎಂಬುದನ್ನು ನಿರ್ಧರಿಸುವಾಗ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ ಇದು.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಮನೆಗಳಲ್ಲಿ ಅತಿಥಿಗೆಂದೇ ಪ್ರತ್ಯೇಕ ಕೋಣೆ ಇರುತ್ತಿದ್ದುದು ಕಡಿಮೆ. ದಾರಿಹೋಕರಿಗೆ ಜಗುಲಿ, ಪರಿಚಿತರಿಗೆ ಪಡಸಾಲೆ, ಹತ್ತಿರದ ಬಂಧುಗಳಿಗೆ ನಡುಮನೆ ಎಂಬ ಅಲಿಖಿತ ವ್ಯವಸ್ಥೆಯಿತ್ತು. ರಾತ್ರಿ ಚಾಪೆ, ಜಮಖಾನ, ಕಂಬಳಿ ಹಾಸಿದರೆ ಮಲಗುವ ಜಾಗ. ಬೆಳಿಗ್ಗೆ ಸುತ್ತಿಟ್ಟರೆ ಮತ್ತೆ ಊಟಕ್ಕೆ ಕೂರುವ ಜಾಗ. ಬಹೂಪಯೋಗಿ ಕೋಣೆ ಎಂಬ ಕಲ್ಪನೆ ಹೊಸದೆಂದು ಪೀಠೋಪಕರಣದ ಜಾಹೀರಾತುಗಳು ಹೇಳುವುದುಂಟಾದರೂ, ತೊಟ್ಟಿ ಮನೆಯ ಪಡಸಾಲೆ ಅದನ್ನೇ ಮಾಡುತ್ತಿತ್ತು. ನಗರದಲ್ಲಿ ನೆಂಟರಿಲ್ಲದವರು ಛತ್ರಗಳಲ್ಲಿ ತಂಗುತ್ತಿದ್ದರು. ಓದಲು ಬಂದ ಬಡ ಹುಡುಗರು ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಊಟ ಮಾಡುವ ವಾರಾನ್ನದ ಪದ್ಧತಿಯೂ ಇತ್ತು.

ಬೆಂಗಳೂರಿನಲ್ಲಿ ಪ್ರತ್ಯೇಕ ಅತಿಥಿ ಕೋಣೆ ಬಳಕೆಗೆ ಬಂದದ್ದು ನಿವೇಶನ ಹಂಚಿಕೆಯ ಬಡಾವಣೆಗಳು ಬೆಳೆದಂತೆ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಮಂಡಳಿಯ ಕಾರ್ಯವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು. ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಬನಶಂಕರಿಯ ಹಂತಗಳು, ಬೈರಸಂದ್ರ-ತಾವರೆಕೆರೆ-ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರಾದ ಬಿ.ಟಿ.ಎಂ. ಬಡಾವಣೆ ಇವೆಲ್ಲ ಬೇರೆ ಬೇರೆ ದಶಕಗಳಲ್ಲಿ ಬೆಳೆದವು. 60×40 ಅಡಿ ನಿವೇಶನದ ಮನೆಗಳಲ್ಲಿ ಹಜಾರದ ಪಕ್ಕದಲ್ಲೇ, ವರಾಂಡಕ್ಕೆ ತೆರೆದುಕೊಳ್ಳುವ ಪ್ರತ್ಯೇಕ ಬಾಗಿಲಿನ 'ಮುಂದಿನ ರೂಮು' ಕಟ್ಟಿಸುವ ರೂಢಿಯಿತ್ತು. ಮನೆಯ ಒಳಭಾಗವನ್ನು ಹಾಯದೆ ಹೋಗಿಬರಬಹುದಾದ ಈ ಕೋಣೆಯಲ್ಲಿ ನೆಂಟರು ಇರುತ್ತಿದ್ದರು. ನೆಂಟರಿಲ್ಲದಾಗ ಕಾಲೇಜು ಹುಡುಗನೊಬ್ಬನಿಗೆ ಬಾಡಿಗೆಗೆ ಹೋಗುತ್ತಿತ್ತು. 30×40 ಅಡಿಯ ನಿವೇಶನದಲ್ಲಿ, ಅಂದರೆ 1,200 ಚದರ ಅಡಿಯಲ್ಲಿ, ಸುತ್ತ ಬಿಡಬೇಕಾದ ಜಾಗವನ್ನು ಕಳೆದ ಮೇಲೆ ಅಂಥ ಕೋಣೆಗೆ ಸ್ಥಳ ಉಳಿಯುವುದಿಲ್ಲ. ಮಹಡಿ ಮನೆಗಳೂ ಫ್ಲ್ಯಾಟುಗಳೂ ಹೆಚ್ಚಿದ ಮೇಲೆ ಅದು ಇನ್ನಷ್ಟು ಕುಗ್ಗಿ, ಈಗ ಕಟ್ಟಡ ವ್ಯಾಪಾರದ ಮಾತಿನಲ್ಲಿ 'ಎರಡೂವರೆ ಬಿ.ಎಚ್.ಕೆ.' ಎನ್ನುವಾಗಿನ ಆ ಅರ್ಧ ಕೋಣೆಯಾಗಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡು ವಾಸದ ಕೋಣೆಗಳಿರುವ ಮನೆಯಲ್ಲಿ ಒಂದು 9.5 ಚದರ ಮೀಟರಿಗೂ ಇನ್ನೊಂದು 7.5 ಚದರ ಮೀಟರಿಗೂ ಕಡಿಮೆ ಇರಬಾರದು. ಎರಡನೆಯದು ಹೆಚ್ಚುಕಡಿಮೆ ಎಂಟು ಅಡಿಗೆ ಹತ್ತು ಅಡಿಯ ಕೋಣೆ. ಅರ್ಧ ಕೋಣೆ ಎಂದು ತೋರಿಸಿದ್ದು ಇದಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಸಾಮಾನಿನ ಕೋಣೆಯೆಂದು ತಿಳಿಯುವುದು ಒಳಿತು.

ಬಂದು ಉಳಿಯುವವರು

ಮದುವೆ, ಗೃಹಪ್ರವೇಶಗಳಿಗೆ ಬಂದು ಎರಡು ರಾತ್ರಿ ಇದ್ದು ಹೋಗುವವರಿಗೆ ಹೆಚ್ಚಿನ ಸಿದ್ಧತೆ ಬೇಕಾಗುವುದಿಲ್ಲ. ಹತ್ತು ಜನ ಬಂದರೂ ಹಜಾರದಲ್ಲಿ ಸಾಲಾಗಿ ಹಾಸಿಗೆ ಹಾಸಿದರೆ ಸಾಕು. ಅಂಥ ರಾತ್ರಿಗಳಲ್ಲಿ ನಿದ್ದೆಗಿಂತ ಮಾತೇ ಹೆಚ್ಚು. ಪರೀಕ್ಷೆ ಅಥವಾ ಕಾಲೇಜು ಪ್ರವೇಶಕ್ಕೆಂದು ಬರುವ ವಿದ್ಯಾರ್ಥಿಗೆ ಬೇಕಾದದ್ದು ಒಂದು ಮೇಜು, ಒಳ್ಳೆಯ ದೀಪ, ಮುಚ್ಚಿಕೊಳ್ಳಬಹುದಾದ ಬಾಗಿಲು.

ದೀರ್ಘಕಾಲ ಉಳಿಯುವ ಅತಿಥಿಗಳ ವಿಷಯ ಬೇರೆ. ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವಿನ ಕೆಲವೇ ಕಿಲೋಮೀಟರುಗಳ ಆಸುಪಾಸಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್, ಜಯದೇವ ಹೃದ್ರೋಗ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಗಳಿವೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ಕೊಡುತ್ತಾರೆ. ಪ್ರತಿದಿನದ ಚಿಕಿತ್ಸೆ ಕೆಲವೇ ನಿಮಿಷಗಳದ್ದು. ಅದಕ್ಕಾಗಿ ಆಸ್ಪತ್ರೆಯಲ್ಲಿ ದಾಖಲಾಗಿರಬೇಕಾಗಿಲ್ಲವಾದರೂ ಊರಿನಿಂದ ದಿನವೂ ಬಂದುಹೋಗುವಂತೆಯೂ ಇಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು ಮನೆಗೆ ಕಳುಹಿಸಿದ ಮೇಲೂ ಮರುತಪಾಸಣೆ ಮುಗಿಯುವ ತನಕ ಹತ್ತಿರದಲ್ಲೇ ಇಟ್ಟುಕೊಳ್ಳುವುದು ವಾಡಿಕೆ. ಹೀಗಾಗಿ ಶಿವಮೊಗ್ಗದಿಂದಲೋ ಹಾಸನದಿಂದಲೋ ಬಂದ ಸೋದರತ್ತೆ, ಜೊತೆಗೆ ಅವರ ಮಗ ಅಥವಾ ಸೊಸೆ, ಜಯನಗರದ ಚಿಕ್ಕ ಕೋಣೆಯೊಂದರಲ್ಲಿ ಆರು ವಾರ ಇರಬೇಕಾಗುತ್ತದೆ. ಮನೆಯವರು ಏನನ್ನೂ ಹೇಳದಿದ್ದರೂ ಇಂಥ ಅತಿಥಿಗೆ ಒಳಗೊಳಗೇ ಸಂಕೋಚವಿರುತ್ತದೆ. ನೀರು ಕೇಳಲು, ದೀಪದ ಸ್ವಿಚ್ಚು ಎಲ್ಲಿದೆಯೆಂದು ಕೇಳಲು, ನಡುರಾತ್ರಿ ಬಚ್ಚಲಿಗೆ ಹೋಗಲು ಹಿಂಜರಿಯುತ್ತಾರೆ. ಕೇಳದೆಯೇ ಎಲ್ಲವೂ ಕೈಗೆ ಸಿಗುವಂತೆ ಜೋಡಿಸಿಟ್ಟ ಕೋಣೆ ಆ ಸಂಕೋಚವನ್ನು ಬಹುಮಟ್ಟಿಗೆ ಕಳೆಯುತ್ತದೆ.

ಮತ್ತೊಂದು ದೀರ್ಘವಾಸ ಬಾಣಂತನದ್ದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಸಂಪ್ರದಾಯ ಇಂದಿಗೂ ಬಲವಾಗಿದ್ದು, ಮೂರು ತಿಂಗಳೋ ಐದು ತಿಂಗಳೋ ಈ ಕೋಣೆಯೇ ಬಾಣಂತಿ ಕೋಣೆಯಾಗುತ್ತದೆ. ಮದುವೆಯಾಗಿ ಹೋದ ಮಗಳ ಹಳೆಯ ಕೋಣೆಯೇ ಅತಿಥಿ ಕೋಣೆಯಾಗಿ, ಮತ್ತೆ ಅವಳಿಗೇ ಬಾಣಂತಿ ಕೋಣೆಯಾಗುವುದೂ ಉಂಟು.

ಒಂದೇ ಕೋಣೆ ಇವರೆಲ್ಲರಿಗೂ ಒದಗಬೇಕಾದರೆ, ಬರಬಹುದಾದವರಲ್ಲಿ ಅತ್ಯಂತ ಅಶಕ್ತರು ಯಾರೋ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಸಜ್ಜುಗೊಳಿಸಬೇಕಾಗುತ್ತದೆ. ಎಪ್ಪತ್ತು ದಾಟಿದ ರೋಗಿಗೆ ಅನುಕೂಲವಾದ ಮಂಚ ಇಪ್ಪತ್ತರ ವಿದ್ಯಾರ್ಥಿಗೂ ಆಗುತ್ತದೆ. ವಿದ್ಯಾರ್ಥಿಗೆ ಸಾಕೆನಿಸಿದ ನೆಲದ ಹಾಸಿಗೆ ರೋಗಿಗೆ ಆಗುವುದಿಲ್ಲ.

ಮಂಚ

ಕೋಣೆಯ ಜಾಗವನ್ನು ಹೆಚ್ಚಾಗಿ ನುಂಗುವುದು ಮಂಚ. ಒಬ್ಬರು ಮಲಗುವ ಮಂಚ ಮೂರು ಅಡಿ ಅಗಲ, ಆರೂಕಾಲು ಅಡಿ ಉದ್ದ. ಅಂದರೆ ಸುಮಾರು 19 ಚದರ ಅಡಿ. ಐದು ಅಡಿ ಅಗಲದ ಜೋಡಿ ಮಂಚಕ್ಕೆ 31 ಚದರ ಅಡಿಗೂ ಹೆಚ್ಚು ಜಾಗ ಬೇಕು. ಎಂಟು ಅಡಿ ಅಗಲದ ಕೋಣೆಯಲ್ಲಿ ಜೋಡಿ ಮಂಚವನ್ನು ಗೋಡೆಗೆ ಒತ್ತಿ ಹಾಕಿದರೂ ಎದುರು ಗೋಡೆಯವರೆಗೆ ಉಳಿಯುವುದು ಮೂರೇ ಅಡಿ. ಅಲ್ಲಿ ಬೀರು ಇಟ್ಟರೆ ಅದರ ಬಾಗಿಲು ತೆರೆಯಲು ಮಂಚದ ಮೇಲೆ ಕೂರಬೇಕಾಗುತ್ತದೆ. ಆದ್ದರಿಂದ ಚಿಕ್ಕ ಕೋಣೆಗೆ ಒಂಟಿ ಮಂಚ ಒಂದು, ಅದರ ಅಡಿಯಿಂದ ಹೊರಗೆಳೆಯಬಹುದಾದ ಮತ್ತೊಂದು ತಗ್ಗಿನ ಮಂಚ ಎಂಬ ಏರ್ಪಾಟು ಹೆಚ್ಚು ಅನುಕೂಲ. ಮೇಲಿನದರಲ್ಲಿ ರೋಗಿ, ಕೆಳಗಿನದರಲ್ಲಿ ಜೊತೆಗಿರುವವರು ಮಲಗಬಹುದು. ಹಗಲಿನಲ್ಲಿ ಕೆಳಗಿನದನ್ನು ತಳ್ಳಿಬಿಟ್ಟರೆ ಓಡಾಡಲು ಜಾಗ ಸಿಗುತ್ತದೆ. ಎಳೆಯುವ ಮಂಚ ಇಲ್ಲದವರಿಗೆ ಮಡಚುವ ಮಂಚವೂ ಆದೀತು. ಹಿಂದೆ ಮನೆಮನೆಯಲ್ಲಿದ್ದ ನವಾರು ಹೆಣೆದ ಮಡಚು ಮಂಚ ಇದೇ ಉದ್ದೇಶದ್ದು.

ಮಂಚದ ಎತ್ತರವನ್ನು ಕೊಳ್ಳುವವರು ಅಷ್ಟಾಗಿ ಗಮನಿಸುವುದಿಲ್ಲ. ಹಾಸಿಗೆಯೂ ಸೇರಿ ನೆಲದಿಂದ 18ರಿಂದ 20 ಅಂಗುಲ ಎತ್ತರವಿದ್ದರೆ ಕೂತವರ ಪಾದ ನೆಲಕ್ಕೆ ತಾಗುತ್ತದೆ, ಏಳುವಾಗ ಮೊಣಕಾಲಿಗೆ ಹೆಚ್ಚು ಭಾರ ಬೀಳುವುದಿಲ್ಲ. ಎದೆಮೂಳೆ ಸೀಳಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೆಲವು ವಾರಗಳ ಕಾಲ ಕೈಗಳ ಮೇಲೆ ಭಾರ ಹಾಕಿ ಮೇಲೇಳಬಾರದೆಂದು ವೈದ್ಯರು ಹೇಳುತ್ತಾರೆ. ಸೊಂಟದ ಕೀಲು ಬದಲಿಸಿಕೊಂಡವರಿಗೆ ತಗ್ಗಾದ ಆಸನವೇ ವರ್ಜ್ಯ. ಅಂಗಡಿಗಳಲ್ಲಿ ಬಹೂಪಯೋಗಿ ಎಂದು ಮಾರುವ ಸೋಫಾ-ಕಮ್-ಬೆಡ್‌ಗಳಲ್ಲಿ ಬಹಳಷ್ಟು ತೀರ ತಗ್ಗಾಗಿರುತ್ತವೆ. ಮಡಿಕೆ ಬರುವ ಜಾಗದಲ್ಲಿ ಬೆನ್ನಿಗೆ ಒತ್ತುತ್ತವೆ. ಒಂದೆರಡು ರಾತ್ರಿಗೆ ಅವು ಸಾಕು, ಆರು ವಾರಕ್ಕಲ್ಲ. ಹಳೆಯ ಮಾದರಿಯ ದಿವಾನ, ಅಂದರೆ ಬೆನ್ನೊರಗಿಲ್ಲದ, ಗಟ್ಟಿ ಹಲಗೆಯ ಒಂಟಿ ಮಂಚ, ಹಗಲು ಕೂರಲೂ ರಾತ್ರಿ ಮಲಗಲೂ ಅದಕ್ಕಿಂತ ಮೇಲು.

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬ ನಂಬಿಕೆ ಹಿರಿಯರಲ್ಲಿ ವ್ಯಾಪಕವಾಗಿದೆ. ಒಂದೇ ಬದಿಗೆ ಎತ್ತರದ ತಲೆಹಲಗೆ ಇರುವ ಮಂಚ ಉತ್ತರದ ಗೋಡೆಗೆ ತಾಗಿಕೊಂಡಿದ್ದರೆ ಬಂದ ಹಿರಿಯರು ದಿಂಬನ್ನು ಇನ್ನೊಂದು ತುದಿಗೆ ಎಳೆದುಕೊಂಡು ಮಲಗುತ್ತಾರೆ. ಆಗ ದೀಪದ ಸ್ವಿಚ್ಚೂ ನೀರಿನ ಚೊಂಬೂ ಕಾಲ ಬಳಿ ಉಳಿಯುತ್ತವೆ. ತಲೆಹಲಗೆ ಇಲ್ಲದ ಮಂಚ, ಅತ್ತಿತ್ತ ಸರಿಸಬಹುದಾದ ಚಿಕ್ಕ ಮೇಜು ಇದ್ದರೆ ಈ ತೊಡಕು ಬರುವುದಿಲ್ಲ.

ಹಾಸಿಗೆ ಮತ್ತು ತೇವ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳಿನಲ್ಲಿ ಫ್ಯಾನು, ಡಿಸೆಂಬರ್-ಜನವರಿಯಲ್ಲಿ ದಪ್ಪ ರಗ್ಗು ಬೇಕಾಗುತ್ತದೆ. ಜೂನಿನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆ ಮುಗ್ಗಲು ಹಿಡಿಯುತ್ತದೆ. ವಾರಗಟ್ಟಲೆ ಬಳಸದ ಕೋಣೆಯ ಕಿಟಕಿಯನ್ನು ದಿನಕ್ಕೆ ಕೆಲವು ಗಂಟೆಯಾದರೂ ತೆರೆದಿಡುವುದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸುವುದು, ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ ಹಳೆಯ ಸೀರೆ ಅಥವಾ ಪಂಚೆಯಿಂದ ಮುಚ್ಚುವುದು ಇದಕ್ಕೆ ಸರಳ ಪರಿಹಾರ. ಪ್ಲಾಸ್ಟಿಕ್ ಒಳಗಿನ ತೇವವನ್ನು ಹೊರಬಿಡುವುದಿಲ್ಲ. ಹತ್ತಿಯ ಹಾಸಿಗೆಯಾದರೆ ತಾರಸಿಯ ಮೇಲೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಹದಗೊಳಿಸಬಹುದು. ತೆಂಗಿನ ನಾರಿನ ಹಾಸಿಗೆ ಗಟ್ಟಿಯಾಗಿದ್ದು ಬೆನ್ನು ನೋವಿನವರಿಗೆ ಹಿಡಿಸುತ್ತದೆ, ಆದರೆ ನೆನೆದರೆ ಬೇಗ ಒಣಗುವುದಿಲ್ಲ. ನವಲಗುಂದದ ಜಮಖಾನ, ಉತ್ತರ ಕರ್ನಾಟಕದ ಕೌದಿಗಳು ನೆಲಕ್ಕೂ ಹೊದೆಯಲೂ ಒದಗುವುದಲ್ಲದೆ ಮಡಚಿಟ್ಟರೆ ಅಷ್ಟೇನೂ ಜಾಗ ಹಿಡಿಯುವುದಿಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಸೋಂಕು ತಗಲುವ ಭಯ ಹೆಚ್ಚು. ಅವರಿರುವಷ್ಟು ದಿನ ಧೂಳು ಹಿಡಿಯುವ ದಪ್ಪ ಪರದೆ, ನೆಲಗಂಬಳಿಗಳನ್ನು ತೆಗೆದಿಟ್ಟು, ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಹಳೆಯ ಮನೆಗಳ ಕೆಂಪು ಗಾರೆ ನೆಲ, ಮೊಸಾಯಿಕ್ ನೆಲಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನುಣುಪಾದ ಹೊಳಪಿನ ಟೈಲ್ಸ್ ಒದ್ದೆಯಾದಾಗ ಜಾರುತ್ತದೆ.

ಬಾಣಂತಿ ಕೋಣೆಯಾದಾಗ

ಬಾಣಂತಿಗೂ ಮಗುವಿಗೂ ಥಂಡಿ ತಗಲಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಅಗ್ಗಿಷ್ಟಿಕೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವ ರೂಢಿಯಿದೆ. ಹೆಂಚಿನ ಮಾಡಿನ ಸಂದುಗಳಿಂದ ಹೊಗೆ ಹೊರಹೋಗುತ್ತಿದ್ದ ಹಳೆಯ ಮನೆಯಲ್ಲಿ ಬೆಳೆದ ಪದ್ಧತಿ ಇದು. ಆರ್‌ಸಿಸಿ ಛಾವಣಿ, ಗಾಜಿನ ಜಾರು ಕಿಟಕಿಗಳಿರುವ ಎಂಟಡಿಯ ಕೋಣೆಯಲ್ಲಿ ಉರಿಯುವ ಕೆಂಡವು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ತುಂಬುತ್ತದೆ. ಕೆಂಡವನ್ನು ಕೋಣೆಯೊಳಗೆ ಬಿಟ್ಟು ಮಲಗುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಬೆಚ್ಚಗಿಡಲು ಬಟ್ಟೆ, ಹೊದಿಕೆಗಳನ್ನೇ ನೆಚ್ಚಿ, ಮಂಚಕ್ಕೆ ನೇರವಾಗಿ ಗಾಳಿ ಬೀಸದ ಕಿಟಕಿಯೊಂದನ್ನು ತೆರೆದಿಡಬೇಕು.

ಅಟ್ಟದ ಟ್ರಂಕಿನಲ್ಲಿಟ್ಟ ಹಳೆಯ ಹಸಿಗೂಸಿನ ಬಟ್ಟೆಗಳನ್ನು ಹೊರತೆಗೆಯುವಾಗಲೂ ಎಚ್ಚರ ಬೇಕು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ನಾಶಮಾಡಿ ತೀವ್ರ ಕಾಮಾಲೆಯನ್ನು ಉಂಟುಮಾಡಬಲ್ಲದು. ಕೊರತೆ ಇದೆಯೋ ಇಲ್ಲವೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವಂಥದಲ್ಲ. ಕೂಸಿನ ಬಟ್ಟೆ, ದುಪಟಿಗಳ ನಡುವೆ ನುಸಿಗುಳಿಗೆಯನ್ನು ಇಡದೆ ಒಣಗಿದ ಬೇವಿನ ಎಲೆಯನ್ನು ಇಡುವುದು ಹಿಂದಿನಿಂದಲೂ ಬಳಕೆಯಲ್ಲಿದೆ.

ಬಚ್ಚಲು ಮತ್ತು ಬಾಗಿಲು

ಕೋಣೆಯನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಬಚ್ಚಲಿಗೆ ಹೋಗುವ ದಾರಿ ಕಷ್ಟವಾಗಿದ್ದರೆ ವೃದ್ಧ ಅತಿಥಿಗೆ ಅದರಿಂದ ಪ್ರಯೋಜನವಿಲ್ಲ. ಹಲವು ಮನೆಗಳಲ್ಲಿ ಬಚ್ಚಲಿನ ಬಾಗಿಲಿನ ಅಗಲ ಎರಡೂವರೆ ಅಡಿ. ಚೌಕಟ್ಟು, ತಿಜಾಗರಿಗಳನ್ನು ಕಳೆದರೆ ಗಾಲಿಕುರ್ಚಿ ದಾಟುವುದೇ ಕಷ್ಟ. ಕಟ್ಟುವಾಗಲೇ ಮೂರು ಅಡಿ ಬಿಡಿಸುವುದು ಲೇಸು. ಕಟ್ಟಿ ಮುಗಿದ ಮನೆಯಲ್ಲಿ ಬಾಗಿಲು ಹೊರಕ್ಕೆ ತೆರೆಯುವಂತೆ ಬದಲಿಸಿದರೆ, ಒಳಗೆ ಬಿದ್ದವರನ್ನು ಹೊರತರಲಾದರೂ ಸಾಧ್ಯವಾಗುತ್ತದೆ. ಕಮೋಡಿನ ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲು, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇವು ದುಬಾರಿಯಲ್ಲ. ಭಾರತೀಯ ಶೈಲಿಯ ಶೌಚಾಲಯ ಮಾತ್ರವಿರುವ ಮನೆಯಲ್ಲಿ ಕಮೋಡ್ ಕುರ್ಚಿಯನ್ನು ಬಾಡಿಗೆಗೆ ತರಬಹುದು.

ಬಿಸಿನೀರಿಗೆ ಗ್ಯಾಸ್ ಗೀಸರ್ ಬಳಸುವವರು ಅದನ್ನು ಬಚ್ಚಲಿನ ಹೊರಗೆ ಅಳವಡಿಸಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಅದರಿಂದ ಉಸಿರುಗಟ್ಟಿ ಸತ್ತ ಪ್ರಕರಣಗಳು ವರದಿಯಾಗಿವೆ, ಹೊಸದಾಗಿ ಬಂದ ಅತಿಥಿಗೆ ಈ ಅಪಾಯದ ಅರಿವಿರುವುದಿಲ್ಲ. ಸೌರ ಹೀಟರ್ ಇರುವ ಮನೆಗಳಲ್ಲಿ ಮತ್ತೊಂದು ಸಂಗತಿಯಿದೆ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟವರು ಬೆಳಗಿನ ಐದಾರು ಗಂಟೆಗೆ ಬಂದಿಳಿಯುತ್ತಾರೆ. ಮೋಡ ಕವಿದ ದಿನದ ಮರುದಿನ ಆ ಹೊತ್ತಿಗೆ ತೊಟ್ಟಿಯಲ್ಲಿ ಬಿಸಿನೀರು ಇರುವುದಿಲ್ಲವಾದ್ದರಿಂದ ಹಿಂದಿನ ರಾತ್ರಿಯೇ ಬೇರೆ ಏರ್ಪಾಟು ಮಾಡಿಕೊಳ್ಳಬೇಕಾಗುತ್ತದೆ.

ಸಾಮಾನು

ಅತಿಥಿಯ ಚೀಲ ನೆಲದ ಮೇಲೆ ಬಾಯ್ತೆರೆದುಕೊಂಡು ಬಿದ್ದಿರುವವರೆಗೆ ಆತ ಹೊರಡುವ ಸಿದ್ಧತೆಯಲ್ಲಿರುವಂತೆಯೇ ಕಾಣುತ್ತದೆ. ಬೀರುವಿನಲ್ಲಿ ಎರಡು ಖಾಲಿ ಅರೆ, ಬಾಗಿಲ ಹಿಂದೆ ನಾಲ್ಕು ಮೊಳೆ ಅಥವಾ ಕೊಕ್ಕೆ, ಒದ್ದೆ ಟವೆಲ್ ಹಾಕಲು ಒಂದು ತಂತಿ ಇಷ್ಟು ಬೇಕೇ ಬೇಕು. ಚಿಕಿತ್ಸೆಗೆ ಬಂದವರಿಗೆ ಔಷಧಿ, ಆಸ್ಪತ್ರೆಯ ಕಡತ, ಎಕ್ಸರೇಗಳನ್ನು ಒಂದೇ ಕಡೆ ಇಡಲು ಮುಚ್ಚಳವಿರುವ ಡಬ್ಬವೊಂದನ್ನು ಕೊಡುವುದು ಉಪಯುಕ್ತ. ಬೆಳಿಗ್ಗೆ ಆರಕ್ಕೆ ಆಟೋ ಹತ್ತುವ ಗಡಿಬಿಡಿಯಲ್ಲಿ ಚೀಟಿ ಹುಡುಕುವುದು ತಪ್ಪುತ್ತದೆ.

ಮನೆಯವರ ಸಾಮಾನು ಮೇಲಕ್ಕೆ ಹೋಗಬೇಕು. ಬಾಗಿಲ ಮಟ್ಟದ ಮೇಲಿರುವ ಸಜ್ಜೆ ಅಥವಾ ಅಟ್ಟದಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ವಸ್ತುಗಳು ಇರಬಹುದು. ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಪೆಟ್ಟಿಗೆಯೂ ಮೆಟ್ಟಿಲಿನ ಹಲಗೆಗಳೂ ಇಲ್ಲೇ ಇರುತ್ತವೆ, ಬೊಂಬೆ ಕೂರಿಸುವುದೂ ಎಷ್ಟೋ ಬಾರಿ ಇದೇ ಕೋಣೆಯಲ್ಲಿ. ಆ ಒಂಬತ್ತು ದಿನ ನೆಂಟರಿಗೆ ಹಜಾರವೇ ಗತಿ. ಮಂಚದಡಿಯ ಜಾಗವನ್ನು ಹೆಚ್ಚುವರಿ ಹಾಸಿಗೆ-ಹೊದಿಕೆಗೆ ಬಿಟ್ಟರೆ ಒಳಿತು. ಕೆಟ್ಟುಹೋದ ಮಿಕ್ಸಿ, ಹಳೆಯ ಕಂಪ್ಯೂಟರುಗಳನ್ನು ಅಲ್ಲಿ ತುಂಬುವ ಅಭ್ಯಾಸದಿಂದಲೇ ಬಹಳಷ್ಟು ಅತಿಥಿ ಕೋಣೆಗಳು ಉಗ್ರಾಣವಾಗಿವೆ.

ಮನೆಯಿಂದಲೇ ಕಚೇರಿ ಕೆಲಸ ಮಾಡುವುದು 2020ರ ನಂತರ ಸಾಮಾನ್ಯವಾದಾಗಿನಿಂದ ಮೇಜು ಈ ಕೋಣೆಯ ಕಾಯಂ ನಿವಾಸಿಯಾಗಿದೆ. ಅತಿಥಿ ಬಂದಾಗ ಮೇಜನ್ನು ಹೊರಗೆ ಸಾಗಿಸಲಾಗದಿದ್ದರೆ, ಗೋಡೆಗೆ ತಿಜಾಗರಿ ಹಾಕಿ ಮಡಚುವ ಹಲಗೆಮೇಜನ್ನು ಬಳಸಬಹುದು. ಆದರೆ ವೈಫೈ ಪೆಟ್ಟಿಗೆ, ಯುಪಿಎಸ್‌ಗಳನ್ನು ಮೊದಲೇ ಹಜಾರದಲ್ಲಿ ಅಳವಡಿಸಿದ್ದರೆ ಮಾತ್ರ ಇದು ಸುಲಭ. ಇಲ್ಲವಾದರೆ ರೋಗಿ ಮಲಗಿರುವಾಗ ಮನೆಯವರು ಹತ್ತಾರು ಬಾರಿ ಒಳಗೆ ಬಂದುಹೋಗುವಂತಾಗುತ್ತದೆ. ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ, ತಟ್ಟಿ ಒಳಬರುವ ವಾಡಿಕೆ ಎರಡೂ ಇರಬೇಕು.

ಬಾಡಿಗೆಗೆ ಹೋದ ಕೋಣೆ

ಬಿ.ಟಿ.ಎಂ. ಬಡಾವಣೆಯಲ್ಲಿ ಈ ಕೋಣೆಯ ಕಥೆ ಬೇರೆ ದಿಕ್ಕಿಗೆ ಹೊರಳಿದೆ. ಹೊಸೂರು ರಸ್ತೆಯ ತಂತ್ರಾಂಶ ಕಂಪನಿಗಳಿಗೆ ಹತ್ತಿರವಾದ್ದರಿಂದ ಇಲ್ಲಿನ ಅನೇಕ ಮನೆಗಳು ಪಿ.ಜಿ.ಗಳಾಗಿವೆ. ಪೇಯಿಂಗ್ ಗೆಸ್ಟ್ ಎಂಬ ಹೆಸರಿನಲ್ಲಿ ಅತಿಥಿಯ ನೆನಪು ಉಳಿದಿದ್ದರೂ, ಒಂದು ಕೋಣೆಗೆ ಮೂರು ಮಂಚ ಹಾಕುವ ಲೆಕ್ಕಾಚಾರದಲ್ಲಿ ಬಾಡಿಗೆಯೇ ಮುಖ್ಯ. ತಿಂಗಳ ಬಾಡಿಗೆ ತರಬಲ್ಲ ಕೋಣೆಯನ್ನು ವರ್ಷಕ್ಕೆ ನಲವತ್ತು ದಿನ ಬರುವ ನೆಂಟರಿಗಾಗಿ ಕಾದಿರಿಸುವುದು ಹಲವು ಕುಟುಂಬಗಳಿಗೆ ಸಾಧ್ಯವಾಗುವ ಮಾತಲ್ಲ. ಆಸ್ಪತ್ರೆಗಳ ಸುತ್ತಲಿನ ಬೀದಿಗಳಲ್ಲಿ ದಿನಬಾಡಿಗೆಯ ಕೋಣೆಗಳೂ ಲಾಡ್ಜುಗಳೂ ಇವೆ. ನಗರದಲ್ಲಿ ಯಾರೂ ಇಲ್ಲದವರು ಚಿಕಿತ್ಸೆ ಮುಗಿಯುವವರೆಗೆ ಅವುಗಳಲ್ಲೇ ಉಳಿಯುತ್ತಾರೆ.